ಸಾಂಕ್ರಾಮಿಕ ಬಂದಾಗ ಸ್ಕಿಜೋಫ್ರೇನಿಯಾ ಇರುವವರಿಗೆ ಎಲ್ಲೆಲ್ಲಿ ಏನು ಕೈಕೊಡುತ್ತದೆ? ಮಾತ್ರೆ, ರಕ್ತಪರೀಕ್ಷೆ, ಜ್ವರ, ಮನೆಯ ಮಾತು

ಗುಳಿಗೆಪೆಟ್ಟಿಗೆ

ಸಾಂಕ್ರಾಮಿಕ ಮತ್ತು ಮಾನಸಿಕ ಆರೋಗ್ಯ ಅಂದ ಕೂಡಲೇ ಮಾತು ಆತಂಕ, ಒಂಟಿತನ, ನಿದ್ದೆಗೇಡಿನ ಕಡೆಗೆ ಹೊರಳುತ್ತದೆ. ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಮೂಡುವ ತೀವ್ರ ಮಾನಸಿಕ ಕಾಯಿಲೆ) ಇರುವವರ ಮಟ್ಟಿಗೆ ಇದು ಮೊದಲು ದೇಹದ ಪ್ರಶ್ನೆ, ಆಮೇಲೆ ಔಷಧಿ ಸಿಗುವುದರ ಪ್ರಶ್ನೆ, ಮನಸ್ಸಿನ ಪ್ರಶ್ನೆ ಅದರ ನಂತರದ್ದು. 2021ರ ಜನವರಿಯಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ನ್ಯೂಯಾರ್ಕಿನ ಒಂದು ಅಧ್ಯಯನ ಬಂತು. ಕೋವಿಡ್ ದೃಢಪಟ್ಟ 7,348 ವಯಸ್ಕರ ದಾಖಲೆ ನೋಡಿದ್ದರು. ವಯಸ್ಸು, ಸಕ್ಕರೆ ಕಾಯಿಲೆ, ಹೃದ್ರೋಗ, ಧೂಮಪಾನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಸ್ಕಿಜೋಫ್ರೇನಿಯಾ ಗುಂಪಿನ ಕಾಯಿಲೆ ಇದ್ದವರಲ್ಲಿ 45 ದಿನದೊಳಗೆ ಸಾವಿನ ಸಂಭವ ಸುಮಾರು 2.7 ಪಟ್ಟು ಹೆಚ್ಚಿತ್ತು. ಅದಕ್ಕಿಂತ ದೊಡ್ಡ ಅಪಾಯವಾಗಿ ಕಂಡದ್ದು ವಯಸ್ಸೊಂದೇ. ಆತಂಕ, ಖಿನ್ನತೆಯ ಗುಂಪಿನಲ್ಲಿ ಇಂಥ ಏರಿಕೆ ಕಾಣಲಿಲ್ಲ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ಕಾಯಿಲೆಯನ್ನು ಹೆಚ್ಚಿನ ಅಪಾಯದ ಪಟ್ಟಿಗೆ ಸೇರಿಸಿದ್ದು 2021ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಹಲವು ಅಲೆಗಳು ಬಂದು ಹೋಗಿದ್ದವು. ಬ್ರಿಟನ್ನಿನ ಲಸಿಕೆ ಸಮಿತಿ ಮಾತ್ರ ಮೊದಲಿನಿಂದಲೇ ತೀವ್ರ ಮಾನಸಿಕ ಕಾಯಿಲೆಯವರನ್ನು ಆರನೇ ಆದ್ಯತಾ ಗುಂಪಿನಲ್ಲಿ ಇಟ್ಟಿತ್ತು.

ಮನೆಯವರು ಇವತ್ತೇ ಮಾಡಿಡಬಹುದಾದ್ದು ದಾಸ್ತಾನು. ಮಾತ್ರೆ ಖಾಲಿಯಾದ ದಿನ ತರಲು ಹೋಗುವ ಅಭ್ಯಾಸ ಬಿಡಿ. ಎರಡು ವಾರದ್ದು ಉಳಿದಿರುವಾಗಲೇ ಮುಂದಿನದು ತನ್ನಿ, ಅದರ ಜೊತೆಗೆ ಒಂದು ತಿಂಗಳದ್ದನ್ನು ಬೇರೆಯಾಗಿ ಇಡಿ. ಹೊಸದು ಬಂದಾಗ ಹಳೆಯದನ್ನು ಮೊದಲು ಬಳಸಿ. ಕೈನಡುಕಕ್ಕೆ ಕೊಟ್ಟಿರುವ ಟ್ರೈಹೆಕ್ಸಿಫೆನಿಡಿಲ್‌ನಂಥವು ಪಟ್ಟಿಯಲ್ಲಿ ಬಿಟ್ಟುಹೋಗುತ್ತವೆ, ಅವನ್ನೂ ಸೇರಿಸಿ. ಆತ್ಮಹತ್ಯೆಯ ಯೋಚನೆ ಹಿಂದೆ ಎಂದಾದರೂ ಬಂದಿದ್ದರೆ ಇಡೀ ದಾಸ್ತಾನು ಬೀಗದೊಳಗಿರಲಿ, ಹೊರಗೆ ವಾರದ ಡಬ್ಬಿಯಲ್ಲಿ ಏಳು ದಿನದ್ದು ಮಾತ್ರ.

ಕೊರತೆಯ ಕಾಲದಲ್ಲಿ ಇನ್ನೊಂದು ತಪ್ಪಾಗುತ್ತದೆ. ಎಂದಿನ ಕಂಪನಿಯದು ಸಿಗದೆ ಬೇರೆಯದು ಕೊಡುತ್ತಾರೆ, 100 ಮಿ.ಗ್ರಾಂ. ಬದಲು 25ರ ಪಟ್ಟಿ ಬರುತ್ತದೆ. ರೋಗಿ ಎಂದಿನಂತೆ “ರಾತ್ರಿ ಎರಡು” ನುಂಗುತ್ತಾರೆ. 200 ಇದ್ದದ್ದು 50ಕ್ಕೆ ಇಳಿದದ್ದು ಗೊತ್ತಾಗುವುದು ಕಾಯಿಲೆ ಮರುಕಳಿಸಿದಾಗ. ಅದಕ್ಕೇ ಚೀಟಿಯಲ್ಲಿ ಮಾತ್ರೆಗಳ ಸಂಖ್ಯೆಯನ್ನಷ್ಟೇ ಬರೆದರೆ ಸಾಲದು, ಒಟ್ಟು ಮಿ.ಗ್ರಾಂ. ಬರೆದಿಡಿ.

ಕೇಳುಗ

ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರ ಪ್ರಶ್ನೆ. ರಕ್ತಪರೀಕ್ಷೆ ಆಗದೆ ಮಾತ್ರೆ ಕೊಡುವುದಿಲ್ಲ ಅನ್ನುತ್ತಾರೆ. ಓಡಾಟ ನಿಂತಾಗ ಪರೀಕ್ಷೆ ಎಲ್ಲಿ ಮಾಡಿಸುವುದು? ಪರೀಕ್ಷೆ ಇಲ್ಲ ಅಂತ ಮಾತ್ರೆಯನ್ನೇ ನಿಲ್ಲಿಸುವುದು ಸರಿಯೇ?

ನಾಡಿಬಡಿತ

ಪರೀಕ್ಷೆ ಯಾಕೆ ಅನ್ನುವುದರಿಂದ ಶುರುಮಾಡೋಣ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಕ್ಲೋಜಪಿನ್‌ನಿಂದ ಕೆಲವರಲ್ಲಿ ಅಪಾಯಕಾರಿಯಾಗಿ ಕುಸಿಯುತ್ತವೆ. ಈ ಅಪಾಯ ಹೆಚ್ಚಿರುವುದು ಮೊದಲ ಆರು ತಿಂಗಳಲ್ಲಿ, ಒಂದು ವರ್ಷ ದಾಟಿದ ಮೇಲೆ ತುಂಬ ಕಡಿಮೆ. ಈ ಲೆಕ್ಕದ ಮೇಲೆಯೇ 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಂದು ಒಮ್ಮತದ ಸಲಹೆ ಕೊಟ್ಟರು. ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ತೆಗೆದುಕೊಳ್ಳುತ್ತಿದ್ದು, ನ್ಯೂಟ್ರೋಫಿಲ್ ಎಂದೂ (ಒಂದು ಮೈಕ್ರೋಲೀಟರ್ ರಕ್ತದಲ್ಲಿ) 2,000ಕ್ಕಿಂತ ಕೆಳಗಿಳಿಯದೆ ಇದ್ದು, ಸುರಕ್ಷಿತವಾಗಿ ಪರೀಕ್ಷೆಗೆ ಹೋಗಲು ಸಾಧ್ಯವಿಲ್ಲದಿದ್ದರೆ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಬಹುದು, 90 ದಿನದವರೆಗಿನ ಮಾತ್ರೆ ಒಟ್ಟಿಗೆ ಕೊಡಬಹುದು. ಹೊಸದಾಗಿ ಶುರುಮಾಡಿದವರಿಗೆ ಈ ವಿನಾಯಿತಿ ಇಲ್ಲ.

ಸ್ಥಿರವಾಗಿರುವವರಲ್ಲಿ ಪರೀಕ್ಷೆ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೋಜಪಿನ್ ಥಟ್ಟನೆ ನಿಲ್ಲಿಸುವುದು ಬಹಳ ಸಲ ಪರೀಕ್ಷೆ ತಪ್ಪುವುದಕ್ಕಿಂತ ದೊಡ್ಡ ಅಪಾಯ. ಥಟ್ಟನೆ ನಿಂತರೆ ವಾಂತಿ, ಬೆವರು, ತಳಮಳ ಕಾಣಿಸಿಕೊಂಡು ಕಾಯಿಲೆ ಕೆಲವೇ ದಿನಗಳಲ್ಲಿ ಜೋರಾಗಿ ಮರಳಬಹುದು.

ವರದಿ ಓದುವಾಗ ಒಟ್ಟು ಬಿಳಿ ಕಣಗಳ ಸಂಖ್ಯೆ ನೋಡಿ ಸುಮ್ಮನಾಗಬೇಡಿ. ಒಟ್ಟು 4,000 ಇದ್ದು ನ್ಯೂಟ್ರೋಫಿಲ್ 55% ಇದ್ದರೆ ಲೆಕ್ಕ 2,200, ತೊಂದರೆಯಿಲ್ಲ. ಒಟ್ಟು 3,200 ಇದ್ದು 40% ಇದ್ದರೆ 1,280, ಅಂದರೆ 1,500ರ ಎಚ್ಚರಿಕೆಯ ಗೆರೆಗಿಂತ ಕೆಳಗೆ. ಅದೇ ದಿನ ವೈದ್ಯರಿಗೆ ತಿಳಿಸಬೇಕು. ಕೋವಿಡ್‌ನಲ್ಲಿ ಸಾಮಾನ್ಯವಾಗಿ ಇಳಿಯುವುದು ಲಿಂಫೋಸೈಟ್ ಅನ್ನುವ ಬೇರೆ ಬಗೆಯ ಬಿಳಿ ಕಣ, ಆದ್ದರಿಂದ ಯಾವ ಕಣ ಇಳಿದಿದೆ ಅನ್ನುವುದನ್ನು ಬಿಡಿಸಿ ನೋಡದೆ “ವೈರಸ್‌ನಿಂದ ಇಳಿದಿದೆ ಬಿಡಿ” ಅನ್ನುವಂತಿಲ್ಲ.

ಇರುಳುಪಾಳಿ

ನಾಡಿಬಡಿತ ಸರ್, ಜ್ವರದ ವಿಷಯವನ್ನೂ ಇಲ್ಲೇ ಬಿಡಿಸಿ ಬರೆಯಿರಿ. ವಾರ್ಡಿನಲ್ಲಿ ಎಡವಟ್ಟಾಗುವುದು ಅಲ್ಲೇ. ಕ್ಲೋಜಪಿನ್ ಮೇಲಿರುವ ವ್ಯಕ್ತಿಗೆ ಜ್ವರ, ಸ್ವಾಬ್ ಪಾಸಿಟಿವ್ ಬಂತು ಅಂದರೆ ಎಲ್ಲರಿಗೂ ಉತ್ತರ ಸಿಕ್ಕ ಹಾಗೆ. ರಕ್ತಕಣ ನೋಡುವುದು ಮರೆತೇ ಹೋಗುತ್ತದೆ.

ನಾಡಿಬಡಿತ

ಸರಿಯಾಗಿ ಹೇಳಿದಿರಿ ಮೇಡಂ. ಕ್ಲೋಜಪಿನ್ ಮೇಲಿರುವವರ ಜ್ವರ ಅಂದರೆ ಏಕಕಾಲಕ್ಕೆ ಮೂರು ಪ್ರಶ್ನೆ. ಸೋಂಕೇ? ನ್ಯೂಟ್ರೋಫಿಲ್ ಕುಸಿದಿದೆಯೇ? ಶುರುಮಾಡಿ ಇನ್ನೂ ಎರಡು ತಿಂಗಳು ಆಗಿಲ್ಲದಿದ್ದರೆ, ಹೃದಯದ ಸ್ನಾಯುವಿನ ಉರಿಯೂತವೇ? ಒಂದಕ್ಕೆ ಉತ್ತರ ಸಿಕ್ಕಿತು ಅಂತ ಉಳಿದೆರಡನ್ನು ಬಿಡಬಾರದು. ಅದೇ ದಿನ ರಕ್ತಕಣ ಎಣಿಕೆ. ಹೊಸಬರಾದರೆ ಅದರ ಜೊತೆಗೆ ಇಸಿಜಿ, ಮತ್ತು ಹೃದಯದ ಹಾನಿ, ಉರಿಯೂತ ತೋರಿಸುವ ಟ್ರೋಪೋನಿನ್, ಸಿಆರ್‌ಪಿ ರಕ್ತಪರೀಕ್ಷೆ.

ನಾಲ್ಕನೆಯ ವಿಷಯ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಕ್ಲೋಜಪಿನ್ ಅನ್ನು ಒಡೆಯುವುದು ಯಕೃತ್ತಿನಲ್ಲಿರುವ ಸಿವೈಪಿ1ಎ2 ಅನ್ನುವ ಕಿಣ್ವ. ಮೈಯಲ್ಲಿ ಉರಿಯೂತ ಎದ್ದಾಗ ಅದರ ರಾಸಾಯನಿಕಗಳು ಈ ಕಿಣ್ವವನ್ನು ಕುಗ್ಗಿಸುತ್ತವೆ. ನುಂಗಿದ ಮಾತ್ರೆ ಅಷ್ಟೇ, ರಕ್ತದಲ್ಲಿ ಮಟ್ಟ ಮಾತ್ರ ಏರುತ್ತಾ ಹೋಗುತ್ತದೆ, ಕೆಲವರಲ್ಲಿ ಎರಡು ಮೂರು ಪಟ್ಟು. ಆಗ ಕಾಣುವುದು ವಿಪರೀತ ಮಂಪರು, ಜೊಲ್ಲು, ತೊದಲು ಮಾತು, ತೂರಾಡುವ ನಡಿಗೆ, ಕೈಕಾಲು ಒಮ್ಮೆಲೇ ಜಗ್ಗುವುದು, ಕೊನೆಗೆ ಫಿಟ್ಸ್. ಮಂಪರಿನಲ್ಲಿ ಜೊಲ್ಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ, ಅದೂ ಮೊದಲೇ ಸೋಂಕಿರುವ ಶ್ವಾಸಕೋಶದಲ್ಲಿ.

ಅದೇ ಒಮ್ಮತದ ಸಲಹೆಯಲ್ಲಿ ಹೀಗಿದೆ: ಜ್ವರ, ಫ್ಲೂ ಲಕ್ಷಣಗಳ ಜೊತೆ ಇಂಥ ವಿಷಲಕ್ಷಣ ಕಂಡರೆ ವೈದ್ಯರು ಡೋಸನ್ನು ಅರ್ಧದವರೆಗೂ ಇಳಿಸಬಹುದು, ಜ್ವರ ಬಿಟ್ಟು ಮೂರು ದಿನ ಆಗುವ ತನಕ ಹಾಗೇ ಇಟ್ಟು, ಆಮೇಲೆ ಹಂತಹಂತವಾಗಿ ಮೊದಲಿನ ಡೋಸಿಗೆ ಏರಿಸಬಹುದು. ಮನೆಯವರು ತಾವೇ ಇಳಿಸುವುದಲ್ಲ, ಫೋನ್ ಮಾಡಿ ಕೇಳಿಯೇ. ರಕ್ತದಲ್ಲಿನ ಮಟ್ಟ ನೋಡುವ ಸೌಲಭ್ಯವಿದ್ದರೆ ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಬೇಕು. ಮೊದಲೇ ಕೊಟ್ಟರೆ ಸಂಖ್ಯೆ ಸುಳ್ಳು ಹೇಳುತ್ತದೆ.

ಗುಳಿಗೆಪೆಟ್ಟಿಗೆ

ಇದಕ್ಕೆ ಸಿಗರೇಟನ್ನೂ ಸೇರಿಸಬೇಕು. ಹೊಗೆಯಲ್ಲಿರುವ ಹೈಡ್ರೋಕಾರ್ಬನ್‌ಗಳು ಅದೇ ಕಿಣ್ವವನ್ನು ಚುರುಕು ಮಾಡುತ್ತವೆ. ದಿನಕ್ಕೊಂದು ಪ್ಯಾಕ್ ಸೇದುವವರ ಕ್ಲೋಜಪಿನ್, ಅದೇ ಕಾಯಿಲೆಗೆ ಕೊಡುವ ಓಲಂಜಪಿನ್ ಡೋಸನ್ನು ಆ ಹೊಗೆಗೆ ಹೊಂದಿಸಿಯೇ ನಿಗದಿ ಮಾಡಿರುತ್ತಾರೆ. ಆಸ್ಪತ್ರೆ ಸೇರಿದರು, ಕ್ವಾರಂಟೈನ್ ಆಯಿತು, ಅಂಗಡಿ ಮುಚ್ಚಿತು, ಸೇದುವುದು ನಿಂತಿತು ಅಂದರೆ ಒಂದು ವಾರದೊಳಗೆ ಮಟ್ಟ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಏರಬಹುದು. ದಕ್ಷಿಣ ಆಫ್ರಿಕಾದಲ್ಲಿ 2020ರ ಮಾರ್ಚ್ ಕೊನೆಯಿಂದ ಆಗಸ್ಟ್ ನಡುವಿನ ತನಕ ತಂಬಾಕು ಮಾರಾಟವನ್ನೇ ನಿಷೇಧಿಸಿದ್ದರು. ಇಂಥ ನಿಷೇಧ ಹೇರುವಾಗ ಕ್ಲೋಜಪಿನ್ ತೆಗೆದುಕೊಳ್ಳುವವರ ನೆನಪು ಯಾರಿಗಾದರೂ ಇರಬೇಕು.

ನಿಕೋಟಿನ್ ಪ್ಯಾಚ್ ಹಾಕಿಸಿದ್ದೇವೆ, ಹಾಗಾಗಿ ಚಿಂತೆಯಿಲ್ಲ ಅನ್ನುವವರಿದ್ದಾರೆ. ಪ್ಯಾಚ್ ಚಡಪಡಿಕೆ ತಡೆಯುತ್ತದೆ, ಮಟ್ಟ ಏರುವುದನ್ನು ತಡೆಯುವುದಿಲ್ಲ. ಕಿಣ್ವವನ್ನು ಚುರುಕು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಸಾಮಾನ್ಯವಾಗಿ ಮೊದಲ ವಾರದಲ್ಲಿ ಕ್ಲೋಜಪಿನ್ ಡೋಸನ್ನು ಕಾಲುಭಾಗದಷ್ಟು ನಿಧಾನವಾಗಿ ಇಳಿಸುತ್ತಾರೆ, ಮತ್ತೆ ಸೇದಲು ಶುರುಮಾಡಿದರೆ ಏರಿಸಬೇಕಾಗುತ್ತದೆ. ಜ್ವರ ಮತ್ತು ಸಿಗರೇಟು ನಿಂತದ್ದು, ಎರಡೂ ಒಂದೇ ವಾರ ಬಂದರೆ ಏನಾಗುತ್ತದೆ ಅನ್ನುವುದನ್ನು ಯೋಚಿಸಿ. ಸಾಂಕ್ರಾಮಿಕದಲ್ಲಿ ಆಗುವುದೇ ಹಾಗೆ.

ಹೊಸ್ತಿಲು

ಹಾಗಾದರೆ ಈ ಸಮಯದಲ್ಲಿ ಸಿಗರೇಟು ಬಿಡಿಸಬಾರದು ಅಂತಲೇ?

ಗುಳಿಗೆಪೆಟ್ಟಿಗೆ

ಖಂಡಿತ ಬಿಡಿಸಿ. ಶ್ವಾಸಕೋಶಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ವೈದ್ಯರಿಗೆ ಹೇಳದೆ ಬಿಡಿಸಬೇಡಿ, ಅಷ್ಟೇ.

ನಾಡಿಬಡಿತ

ಸೋಂಕಿಗೆ ಕೊಡುವ ಔಷಧಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಜ್ವರಕ್ಕೆ ನೋಡುವ ವೈದ್ಯರಿಗೆ ಮಾನಸಿಕ ಕಾಯಿಲೆಯ ಮಾತ್ರೆಗಳ ಪಟ್ಟಿ ಸಿಗುವುದೇ ಅಪರೂಪ. ಕೋವಿಡ್‌ಗೆ ಕೊಟ್ಟ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಎಂಬ ವೈರಸ್ ವಿರುದ್ಧದ ಮಾತ್ರೆಯ ಜೊತೆ ಮನೋರೋಗದ ಮಾತ್ರೆಗಳಾದ ಲುರಾಸಿಡೋನ್, ಪಿಮೋಜೈಡ್ ಕೊಡುವಂತಿಲ್ಲ. ಅದೇ ಬಗೆಯ ಕ್ವೆಟಿಯಾಪಿನ್ ಇದ್ದರೆ ಅದರ ಡೋಸನ್ನು ಆರನೇ ಒಂದು ಭಾಗಕ್ಕೆ ಇಳಿಸಲು ಸೂಚನೆಯಿದೆ, ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಎಚ್ಚರವೇ ತಪ್ಪಬಹುದು. ಕೋವಿಡ್‌ಗೆ ಪ್ರಯೋಗಿಸಿ ನೋಡಿದ ಖಿನ್ನತೆಯ ಮಾತ್ರೆ ಫ್ಲೂವೊಕ್ಸಮಿನ್ ಕ್ಲೋಜಪಿನ್ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಮಾಮೂಲಿ ಆ್ಯಂಟಿಬಯಾಟಿಕ್ ಕೂಡ ಏರಿಸುತ್ತದೆ. ಅಜಿಥ್ರೋಮೈಸಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಮನೋರೋಗದ ಹ್ಯಾಲೋಪೆರಿಡಾಲ್ ಒಟ್ಟಿಗೆ ಬಿದ್ದರೆ ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗಿ ಹೃದಯದ ಲಯ ತಪ್ಪುವ ಭಯ. ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಲಿಥಿಯಮ್ ಕೂಡ ತೆಗೆದುಕೊಳ್ಳುವವರು ಜ್ವರ, ಭೇದಿಯಲ್ಲಿ ನೀರು ಕುಡಿಯುವುದು ಬಿಡಬಾರದು, ಮೈಕೈ ನೋವಿಗೆ ಐಬುಪ್ರೊಫೆನ್ ಬದಲು ಪ್ಯಾರಾಸಿಟಮಾಲ್.

ಸ್ಟೀರಾಯ್ಡ್ ವಿಷಯದಲ್ಲಿ ಹೆದರಿಕೆಯೂ ಬೇಡ, ಮೈಮರೆವೂ ಬೇಡ. ಆಮ್ಲಜನಕ ಬೇಕಾದವರಿಗೆ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ. ಹತ್ತು ದಿನದವರೆಗೆ ಕೊಡುವುದು ಜೀವ ಉಳಿಸುತ್ತದೆ. ಅದು ಸುಮಾರು 40 ಮಿ.ಗ್ರಾಂ. ಪ್ರೆಡ್ನಿಸೋಲೋನ್‌ಗೆ ಸಮ. ಈ ಪ್ರಮಾಣದಲ್ಲಿ ನಿದ್ದೆ ಕೆಡುವುದು ಸಾಮಾನ್ಯ, ಭ್ರಮೆ ಕೆದರುವುದೂ ಉಂಟು. ಬೆಳಿಗ್ಗೆ ಕೊಡಿ, ರಾತ್ರಿ ನಿದ್ದೆ ಗಮನಿಸಿ, ಮನೋರೋಗದ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ಓಲಂಜಪಿನ್, ಕ್ಲೋಜಪಿನ್ ಇರುವವರ ಸಕ್ಕರೆ ಮಟ್ಟ ಸ್ಟೀರಾಯ್ಡ್ ಜೊತೆ ಹಾರುತ್ತದೆ, ದಿನವೂ ನೋಡಿ.

ಇರುಳುಪಾಳಿ

ಆಸ್ಪತ್ರೆಯಲ್ಲಿ ಆಗುವ ಇನ್ನೊಂದು ದೊಡ್ಡ ತಪ್ಪು: ಏನು ಕಂಡರೂ “ಹಳೇ ಕಾಯಿಲೆ” ಎಂದು ಬಿಡುವುದು. ಸೋಂಕಿನಿಂದ ಆಮ್ಲಜನಕ ಇಳಿದಾಗ ಬರುವ ಸನ್ನಿಯೂ (ಡೆಲಿರಿಯಮ್, ಥಟ್ಟನೆ ಬರುವ ಮನಸ್ಸಿನ ಗೊಂದಲ) ಸ್ಕಿಜೋಫ್ರೇನಿಯಾ ಕೆದರಿದ ಹಾಗೇ ಕಾಣುತ್ತದೆ. ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಸನ್ನಿ ಗಂಟೆಗಳಲ್ಲಿ ಏರಿಳಿಯುತ್ತದೆ, ಸಂಜೆ ಹೆಚ್ಚು. ಇವತ್ತು ಯಾವ ವಾರ, ಎಲ್ಲಿದ್ದೀರಿ ಅಂದರೆ ಗೊಂದಲ. ವಾರದ ಹೆಸರನ್ನು ಹಿಂದಿನಿಂದ ಹೇಳಿಸಿದರೆ ನಡುವೆ ಕಳೆದುಹೋಗುತ್ತಾರೆ. ಇಲ್ಲದ ಹುಳ, ಪ್ರಾಣಿ, ಮನುಷ್ಯರು *ಕಾಣಿಸುತ್ತಾರೆ*. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚಾಗಿ ಧ್ವನಿ *ಕೇಳಿಸುವುದು*, ದಿನ ಸ್ಥಳದ ಅರಿವು ಸಾಮಾನ್ಯವಾಗಿ ಸರಿಯಿರುತ್ತದೆ. ಮನೆಯವರು “ಇವರ ಮಾಮೂಲಿ ಭ್ರಮೆ ಹೀಗಲ್ಲ” ಅಂದರೆ ಆ ಮಾತಿಗೆ ಯಾವ ಪರೀಕ್ಷೆಗಿಂತಲೂ ಕಡಿಮೆ ಬೆಲೆಯಿಲ್ಲ.

ಈ ಕಾಯಿಲೆ ಇರುವ ಹಲವರು ನೋವು, ಉಸಿರುಗಟ್ಟುವಿಕೆಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಹಾಗಾಗಿ ಅಳೆದು ನೋಡಬೇಕು. ಪಲ್ಸ್ ಆಕ್ಸಿಮೀಟರ್ ಹಾಕುವ ಮುಂಚೆ ಉಗುರಿನ ಬಣ್ಣ ತೆಗೆಯಿರಿ, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗದಂತೆ ಇಡಿಸಿ, ಸಂಖ್ಯೆ ಓಡಾಟ ನಿಲ್ಲಿಸುವ ತನಕ ಒಂದು ನಿಮಿಷ ಕಾಯಿರಿ. ಯಂತ್ರದ ಬಗ್ಗೆ ಸಂಶಯವಿದ್ದರೆ ಮೊದಲು ನಿಮ್ಮ ಬೆರಳಿಗೆ ಹಾಕಿ ತೋರಿಸಿ, ಕೆಂಪು ಬೆಳಕು ಏನು ಮಾಡುತ್ತದೆ ಎಂದು ಹೇಳಿ, ಆಮೇಲೆ ಅವರೇ ಹಾಕಿಕೊಳ್ಳಲಿ. 94ಕ್ಕಿಂತ ಕೆಳಗೆ ಬಂದರೆ, ಅವರು “ಚೆನ್ನಾಗಿದ್ದೇನೆ” ಅಂದರೂ ವೈದ್ಯರಿಗೆ ಫೋನ್ ಮಾಡಿ.

ಕೇಳುಗ

ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರ ಕಥೆ? ಸಾಂಕ್ರಾಮಿಕದಲ್ಲಿ ಅದನ್ನು ಮಾತ್ರೆಗೆ ಬದಲಾಯಿಸಿಬಿಟ್ಟರೆ ಆಸ್ಪತ್ರೆಗೆ ಹೋಗುವುದು ತಪ್ಪುತ್ತದಲ್ಲ.

ಇರುಳುಪಾಳಿ

ಬಹಳ ಕಡೆ ಹಾಗೆ ಮಾಡಿದರು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಆಯ್ಕೆ. ಮಾತ್ರೆ ತಪ್ಪಿಸುತ್ತಾರೆ ಅಂತಲೇ ಇಂಜೆಕ್ಷನ್ ಶುರುಮಾಡಿರುತ್ತಾರೆ, ಎಲ್ಲ ಏರುಪೇರಾದ ಸಮಯದಲ್ಲಿ ಮತ್ತೆ ಮಾತ್ರೆಗೆ ತಂದರೆ ತಪ್ಪಿಸುವ ಸಾಧ್ಯತೆ ಹೆಚ್ಚು. ಮೊದಲ ಸಲ ಕಾಯಿಲೆ ಬಂದು ಚೇತರಿಸಿಕೊಂಡವರನ್ನು ಐದು ವರ್ಷ ಗಮನಿಸಿದ ಹಳೆಯ ಅಧ್ಯಯನವೊಂದರಲ್ಲಿ, ಔಷಧಿ ಬಿಟ್ಟವರಿಗೆ ಕಾಯಿಲೆ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು ಕಂಡಿತ್ತು.

ಬದಲಿಗೆ ನೋಡಬೇಕಾದ್ದು ಎಷ್ಟು ತಡವಾದರೆ ನಡೆಯುತ್ತದೆ ಅನ್ನುವುದು. ಪ್ರತಿ ತಿಂಗಳ ಪ್ಯಾಲಿಪೆರಿಡೋನ್ ಇಂಜೆಕ್ಷನ್ ನಿಯಮಿತವಾಗಿ ನಡೆಯುತ್ತಿದ್ದರೆ, ಗೊತ್ತುಪಡಿಸಿದ ದಿನಕ್ಕಿಂತ ಏಳು ದಿನ ಮುಂಚೆ ಅಥವಾ ಏಳು ದಿನ ತಡವಾಗಿ ಕೊಡಬಹುದು. ಮುಂಚೆ ಕೊಡಬಹುದು ಅನ್ನುವುದು ಮುಖ್ಯ: ಓಡಾಟ ನಿಲ್ಲುವ ಸೂಚನೆ ಸಿಕ್ಕ ಕೂಡಲೇ ಕೊಡಿಸಿಬಿಡಿ. ಕೊನೆಯ ಇಂಜೆಕ್ಷನ್‌ನಿಂದ ಆರು ವಾರದವರೆಗೆ ಎಂದಿನ ಡೋಸನ್ನೇ ಮುಂದುವರಿಸಬಹುದು. ಆರು ವಾರ ದಾಟಿದರೆ ಶುರುವಿನ ಕ್ರಮಕ್ಕೆ ಮರಳಬೇಕು. ಸ್ಥಿರವಾಗಿರುವವರಿಗೆ ಮೂರು ತಿಂಗಳ ಇಂಜೆಕ್ಷನ್‌ಗೆ ಬದಲಾಯಿಸುವುದೂ ಒಂದು ದಾರಿ. ಓಲಂಜಪಿನ್ ಪಾಮೋಯೇಟ್ ಎಂಬ ಇಂಜೆಕ್ಷನ್ ಮಾತ್ರ ತೊಡಕು. ಕೊಟ್ಟ ಮೇಲೆ ಮೂರು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿ ಮಂಪರು, ಗೊಂದಲ ನೋಡಬೇಕು, ಜನದಟ್ಟಣೆಯ ಒಪಿಡಿಯಲ್ಲಿ ಅದು ಸೋಂಕಿಗೆ ಆಹ್ವಾನ.

ತೋಳಿಗೆ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಲಸಿಕೆ ಹಾಕಿಸುವಾಗ ಇನ್ನೊಂದು ತೋಳು ಕೊಡಿ. ಕ್ಲೋಜಪಿನ್ ಮೇಲಿರುವವರಿಗೆ ಲಸಿಕೆಯ ಜ್ವರದಲ್ಲೂ ಮಟ್ಟ ಸ್ವಲ್ಪ ಏರಬಹುದು, ಎರಡು ಮೂರು ದಿನ ಮಂಪರು ಗಮನಿಸಿ. ಲಸಿಕೆ ಬೇಡ ಅನ್ನಲು ಇದು ಕಾರಣವಲ್ಲ.

ಹೊಸ್ತಿಲು

ಈಗ ಮನೆಯ ಮಾತು. ಬಾಗಿಲು ಮುಚ್ಚಿದಾಗ ಮನೆಯೊಳಗೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಸಂಶೋಧನೆಯೊಂದು ಕನ್ನಡಿ ಹಿಡಿಯುತ್ತದೆ. 1976ರಲ್ಲಿ ಸಂಶೋಧಕರಾದ ವಾನ್ ಮತ್ತು ಲೆಫ್ ತೋರಿಸಿದ್ದು: ಸದಾ ಟೀಕೆ, ಸಿಟ್ಟು, ಅತಿ ಕಾಳಜಿ ಇರುವ ಮನೆಗಳಲ್ಲಿ, ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇರುವವರಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು. ವಾರಕ್ಕೆ 35 ಅಂದರೆ ದಿನಕ್ಕೆ ಐದು ಗಂಟೆ. ಲಾಕ್‌ಡೌನ್‌ನಲ್ಲಿ ಎಲ್ಲರೂ ಎಚ್ಚರವಿರುವ ಹದಿನಾರು ಗಂಟೆಯೂ ಎದುರುಬದುರು.

ಹಾಗಾಗಿ ಕಷ್ಟವಾದರೂ ದೂರವನ್ನು ಬೇಕೆಂದೇ ಮಾಡಿಕೊಳ್ಳಬೇಕು. ಒಂದೇ ಕೋಣೆಯಾದರೆ ಪರದೆ, ಹೊತ್ತಿನ ಹಂಚಿಕೆ, ಇಯರ್‌ಫೋನ್. ದಿನಕ್ಕೆ ಎರಡು ಹೊತ್ತು ಯಾರೂ ಅವರನ್ನು ಮಾತಾಡಿಸದ ಸಮಯ. “ಇಡೀ ದಿನ ಬಿದ್ದುಕೊಂಡಿರುತ್ತೀಯಲ್ಲ” ಅನ್ನುವ ಬದಲು ಒಂದೇ ಒಂದು ಚಿಕ್ಕ ಕೆಲಸ, ಹೊತ್ತು ಗೊತ್ತುಮಾಡಿ: “ಹತ್ತು ಗಂಟೆಗೆ ನೀರು ತುಂಬಿಸಿಡು”. ಉತ್ಸಾಹ ಬತ್ತುವುದು ಕಾಯಿಲೆಯದೇ ಲಕ್ಷಣ, ಸೋಮಾರಿತನವಲ್ಲ. ಡೇ ಸೆಂಟರ್ ಮುಚ್ಚಿದರೆ ಅವರ ಇಡೀ ದಿನದ ಆಕಾರವೇ ಹೋಗುತ್ತದೆ. ಏಳುವ, ಉಣ್ಣುವ, ಮಲಗುವ ಹೊತ್ತನ್ನಾದರೂ ಹಿಡಿದಿಡಿ.

ಸುದ್ದಿವಾಹಿನಿ ದಿನವಿಡೀ ಓಡಬಾರದು. ಭ್ರಮೆ ತನ್ನ ಕಾಲದ ಮಾತನ್ನೇ ಎತ್ತಿಕೊಳ್ಳುತ್ತದೆ. ವೈರಸ್, ಲ್ಯಾಬ್, ಚಿಪ್, ಬಿಳಿ ಉಡುಪಿನವರು, ಹಣೆಗೆ ಹಿಡಿಯುವ ಥರ್ಮಾಮೀಟರ್ ಎಲ್ಲವೂ ಅದರೊಳಗೆ ಬರುತ್ತವೆ. ಸೋಂಕು ತನ್ನಿಂದಲೇ ಹರಡಿತು ಅನ್ನುವ ತಪ್ಪಿತಸ್ಥ ಭ್ರಮೆ ಹೆಚ್ಚು ಅಪಾಯ. “ಟೀವಿಯಲ್ಲಿ ನನ್ನ ಬಗ್ಗೆಯೇ ಹೇಳಿದರು” ಅಂದಾಗ ಜಗಳಕ್ಕೆ ನಿಲ್ಲಬೇಡಿ, ಹೌದೆನ್ನಲೂ ಬೇಡಿ. “ನಿನಗೆ ಹಾಗೆ ಅನ್ನಿಸಿ ತುಂಬ ಹೆದರಿಕೆ ಆಗಿರಬೇಕು. ನನಗೆ ಹಾಗೆ ಕೇಳಿಸಲಿಲ್ಲ. ಈಗ ಆರಿಸೋಣ, ಸ್ವಲ್ಪ ಹೊತ್ತು ಜೊತೆಗಿರುತ್ತೇನೆ” ಅಷ್ಟು ಸಾಕು.

ಕೇಳುಗ

ಇದಕ್ಕೊಂದು ಸೇರಿಸಬೇಕು. ಹೊರಗೆ ಹೋಗದೆ, ಜನರನ್ನು ಎದುರಿಸದೆ ಇದ್ದದ್ದು ಕೆಲವರಿಗೆ ಹಗುರವೇ ಆಯಿತು. ಅಂಥವರಿಗೆ ಕಷ್ಟ ಶುರುವಾಗುವುದು ಬಾಗಿಲು ತೆರೆದ ಮೇಲೆ. ಒಮ್ಮೆಲೇ ಬಸ್ಸು, ಸಂತೆ, ಒಪಿಡಿ ಸಾಲು ಎಲ್ಲ ಬೇಡ. ಮೊದಲ ವಾರ ಜನ ಕಡಿಮೆಯಿರುವ ಹೊತ್ತಿನಲ್ಲಿ ಹತ್ತು ನಿಮಿಷ ನಡಿಗೆ ಸಾಕು. ಮಾಸ್ಕ್ ಹಾಕಿದವರ ಮುಖಭಾವ ಓದಲಾಗದೆ ಸಂಶಯ ಏರುತ್ತದೆ. ಮಾತಾಡಿಸುವವರು ಮೊದಲು ಹೆಸರು, ತಾವು ಯಾರು ಎಂದು ಹೇಳಿ ಮುಂದುವರಿಯಲಿ.

ನಾಡಿಬಡಿತ

ಫೋನಿನಲ್ಲಿ ನೋಡುವ ವೈದ್ಯರಿಗೂ ಇದು ಅನ್ವಯ. ವಿಡಿಯೋ ಬೇಡ ಅಂದರೆ ಧ್ವನಿಕರೆ ಸಾಕು. “ಈಗ ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?” ಅನ್ನುವುದು ಮೊದಲ ಪ್ರಶ್ನೆಯಾಗಲಿ. ಫೋನಿನಲ್ಲಿ ಬಿಟ್ಟುಹೋಗುವುದು ದೇಹ: ತೂಕ, ಸೊಂಟದ ಸುತ್ತಳತೆ, ಕೈನಡುಕ, ನಾಲಿಗೆಯ ಚಲನೆ. ತಿಂಗಳಿಗೊಮ್ಮೆ ಮನೆಯವರೇ ತೂಕ ಬರೆದಿಡಲಿ. ಕ್ಲೋಜಪಿನ್ ಇದ್ದರೆ ಮಲವಿಸರ್ಜನೆ ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಬಾಯಿಬಿಟ್ಟು ಕೇಳಲೇಬೇಕು. ಓಡಾಟವಿಲ್ಲದೆ, ನೀರು ಕುಡಿಯದೆ ಕರುಳು ನಿಂತೇಹೋಗಬಹುದು. ಎರಡು ದಿನ ಆಗದಿದ್ದರೆ ವಿರೇಚಕದ ಬಗ್ಗೆ ಕೇಳಿ, ಹೊಟ್ಟೆ ಉಬ್ಬಿ ವಾಂತಿ ಬಂದರೆ ತುರ್ತು ಚಿಕಿತ್ಸೆ.

ಇರುಳುಪಾಳಿ

ದೀರ್ಘಕಾಲ ಸಂಸ್ಥೆಗಳಲ್ಲೇ ಇರುವವರನ್ನು ಮರೆಯಬಾರದು. ದಕ್ಷಿಣ ಕೊರಿಯಾದಲ್ಲಿ ಕೋವಿಡ್‌ನ ಮೊದಲ ಸಾವು, 2020ರ ಫೆಬ್ರವರಿಯಲ್ಲಿ, ಚಂಗ್ಡೋ ಎಂಬಲ್ಲಿನ ಆಸ್ಪತ್ರೆಯ ಮುಚ್ಚಿದ ಮನೋರೋಗ ವಾರ್ಡಿನದು. ಅಲ್ಲಿದ್ದ ನೂರು ಮಂದಿಯಲ್ಲಿ ಬಹುತೇಕ ಎಲ್ಲರಿಗೂ ಸೋಂಕು ತಗುಲಿತ್ತು. ಒಂದೇ ಗಾಳಿ, ಒಟ್ಟಿಗೆ ಊಟ, ಬೀಗ ಹಾಕಿದ ಕಿಟಕಿ. ಇಂಥ ಕಡೆ ಮೊದಲು ಮಾಡಬೇಕಾದ್ದು ಮಂಚಗಳ ನಡುವೆ ಅಂತರ, ತೆರೆಯುವ ಕಿಟಕಿ, ಊಟದ ಪಾಳಿ, ದಿನಕ್ಕೆ ಎರಡು ಸಲ ತಾಪ ಮತ್ತು ಆಮ್ಲಜನಕ. ಭೇಟಿ ನಿಂತರೆ ಮನೆಯವರ ಜೊತೆ ಫೋನಿಗೆ ದಿನ ಮತ್ತು ಗಂಟೆ ಗೊತ್ತುಮಾಡಿ.

ಹೊಸ್ತಿಲು

ಒಂದು ಹಾಳೆಯಲ್ಲಿ ಏನು ಬರೆದಿಡಬೇಕು ಅಂತ ಹಲವರು ಕೇಳುತ್ತಾರೆ. ಇರುವುದನ್ನೆಲ್ಲ ತುಂಬಬೇಡಿ, ಆಂಬ್ಯುಲೆನ್ಸಿನವರು ಓದುವಷ್ಟಿರಲಿ. ಔಷಧಿಯ ಹೆಸರು ಮತ್ತು ದಿನದ ಒಟ್ಟು ಮಿ.ಗ್ರಾಂ., ಕೊನೆಯ ಇಂಜೆಕ್ಷನ್ ಯಾವ ದಿನ, ಯಾವ ಕಡೆಗೆ. ಕೊನೆಯ ನ್ಯೂಟ್ರೋಫಿಲ್ ಸಂಖ್ಯೆ ಮತ್ತು ತಾರೀಖು. ದಿನಕ್ಕೆ ಎಷ್ಟು ಸಿಗರೇಟು. ಮಾಮೂಲಿ ಭ್ರಮೆ ಹೇಗಿರುತ್ತದೆ, ಒಂದು ಸಾಲು. ಕಾಯಿಲೆ ಮರುಕಳಿಸುವ ಮೊದಲ ಸೂಚನೆ (ಹೆಚ್ಚಿನವರಲ್ಲಿ ನಿದ್ದೆ). ಏನು ಮಾಡಿದರೆ ಸಮಾಧಾನವಾಗುತ್ತದೆ, ಏನು ಮಾಡಬಾರದು. ಇದನ್ನು ಅವರ ಜೊತೆ ಕೂತೇ ಬರೆಯಿರಿ. ಅವರ ಬೆನ್ನಹಿಂದೆ ಬರೆದದ್ದು ಸಂಶಯಕ್ಕೆ ಮೇವು.

ಕೇಳುಗ

ಕೊನೆಯದಾಗಿ ಒಂದು. ಜ್ವರ, ವಾಂತಿಯಲ್ಲಿ ಕ್ಲೋಜಪಿನ್ ಎರಡು ಮೂರು ದಿನ ತಪ್ಪಿಹೋಯಿತು. ಈಗ ಮನೆಯಲ್ಲಿ ಮಾತ್ರೆ ಇದೆ. ಎಂದಿನ 300 ಮಿ.ಗ್ರಾಂ. ಕೊಡಬಹುದೇ?

ಗುಳಿಗೆಪೆಟ್ಟಿಗೆ

ಕೊಡಬಾರದು. 48 ಗಂಟೆಗಿಂತ ಹೆಚ್ಚು ತಪ್ಪಿದರೆ ದೇಹ ಅದರ ಅಭ್ಯಾಸ ಕಳೆದುಕೊಂಡಿರುತ್ತದೆ. ಪೂರ್ತಿ ಡೋಸ್ ಒಮ್ಮೆಲೇ ಬಿದ್ದರೆ ರಕ್ತದೊತ್ತಡ ಕುಸಿದು ಬೀಳಬಹುದು, ಹೃದಯ ಬಡಿತವೂ ತೀರಾ ನಿಧಾನವಾಗಬಹುದು. 12.5 ಮಿ.ಗ್ರಾಂ.ನಿಂದ, ಅಂದರೆ 25ರ ಅರ್ಧ ಮಾತ್ರೆಯಿಂದ ಮತ್ತೆ ಶುರುಮಾಡಿ, ಎಷ್ಟು ಬೇಗ ಏರಿಸುವುದು ಎಂದು ವೈದ್ಯರು ನಿರ್ಧರಿಸಬೇಕು. ಫೋನ್ ಮಾಡುವಾಗ ಕೊನೆಯ ಮಾತ್ರೆ ನುಂಗಿದ ದಿನ ಮತ್ತು ಗಂಟೆಯನ್ನು ಸರಿಯಾಗಿ ಹೇಳಿ, ನಿಂತಾಗ ತಲೆ ಸುತ್ತುತ್ತಿದೆಯೇ ಅನ್ನುವುದನ್ನೂ ಹೇಳಿ. 25ರ ಒಂದು ಪಟ್ಟಿ ಮನೆಯಲ್ಲಿ ಇಲ್ಲದಿದ್ದರೆ ಈಗಲೇ ತಂದಿಡಿ, 100ರ ಮಾತ್ರೆಯನ್ನು ಎಂಟು ಚೂರು ಮಾಡಲು ಆಗುವುದಿಲ್ಲ.